ವೇದಿಕೆ ಮೇಲಿನವರ ಹೆಸರು

ಗೆಳೆಯರೇ, ಇವತ್ತು ಭಾಲ್ಕಿಯಲ್ಲಿ ನನ್ನ ಪಾಠವೊಂದು ನೆಲಕಚ್ಚಿತು.

ಬೀದರಿಗೆ ಓದಲು ಬಂದಿರುವ ವಿದೇಶಿ ಹುಡುಗರಿಗೆ ನಾನು ಬಿಸಿನೆಸ್ ಇಂಗ್ಲಿಷ್, ಭಾಷಣ ಕಲಿಸುತ್ತೇನೆ. ಪೀಠಿಕೆ ಬೇಡ, ನೇರ ವಿಷಯಕ್ಕೆ ಬಾ, ಮೂರೇ ನಿಮಿಷ ಎನ್ನುವುದು ನನ್ನ ಮಂತ್ರ. ಅದನ್ನು ನಂಬಿದ ತಾಂಜಾನಿಯಾದ ಜುಮಾ, ಕಾಲೇಜೊಂದರ ಸಮಾರಂಭದಲ್ಲಿ ಮೈಕ್ ಹಿಡಿದವನೇ ನೇರ ವಿಷಯಕ್ಕೆ ಬಂದ. ವೇದಿಕೆ ಮೇಲಿದ್ದ ಹಿರಿಯರ ಮುಖ ಕಪ್ಪಿಟ್ಟಿತು.

ವೇದಿಕೆ ಮೇಲೆ ನನ್ನ ಪಕ್ಕ ಕೂತಿದ್ದ ಸಂಘಟಕರು ನನ್ನ ಕಿವಿಯಲ್ಲಿ, "ಮೇಡಂ, ನಿಮ್ಮ ಹುಡುಗ ಯಾರ ಹೆಸರೂ ತಗೊಳ್ಳಿಲ್ಲಲ್ರಿ! ಅಧ್ಯಕ್ಷರು ಎದ್ದು ಹೊಂಟಾರ ನೋಡ್ರಿ" ಎಂದರು.

"ಮೊದಲು ವೇದಿಕೆ ಮೇಲಿನವರ ಹೆಸರು ಹೇಳು" ಎಂದು ನಾನು ಇಂಗ್ಲಿಷಿನಲ್ಲಿ ಜುಮಾನಿಗೆ ಪಿಸುಗುಟ್ಟಿದೆ.

ಪಾಪ, ಅವನಿಗೆ ಯಾರ ಹೆಸರು ಗೊತ್ತು? ಸೀದಾ ಹೋಗಿ, ಎದ್ದು ನಿಂತಿದ್ದ ಅಧ್ಯಕ್ಷರಿಂದಲೇ ಶುರುಮಾಡಿ ಒಬ್ಬೊಬ್ಬರ ಬಾಯಿಗೂ ಮೈಕ್ ಹಿಡಿದ. ಎಲ್ಲರೂ ಎದ್ದೆದ್ದು ತಮ್ಮ ಹೆಸರು, ಹುದ್ದೆ, ಮಾಜಿ ಹುದ್ದೆ ಹೇಳಿ ಕೈಮುಗಿದರು. ಪ್ರತಿ ಹೆಸರಿಗೂ ಚಪ್ಪಾಳೆ. ಮೈಕ್ ಸೆಟ್ಟಿನವನನ್ನೂ ಬಿಡಲಿಲ್ಲ. ಅಷ್ಟರಲ್ಲಿ ಮೂರು ನಿಮಿಷ ಯಾವಾಗಲೋ ಮುಗಿದಿತ್ತು. ಥ್ಯಾಂಕ್ಯೂ ಎಂದು ಕುಳಿತುಬಿಟ್ಟ.

"ಇಂಥಾ ಭಾಷಣ ನಾ ಕೇಳೇ ಇದ್ದಿಲ್ಲ ನೋಡ್ರಿ!" ಎಂದ ಅಧ್ಯಕ್ಷರು ತಮಗೆ ಹೊದಿಸಿದ್ದ ಶಾಲನ್ನೇ ಅವನಿಗೆ ಹೊದಿಸಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿಯೇಬಿಟ್ಟೆ: "ನಾನೂ ವೇದಿಕೆ ಮೇಲೇ ಇದ್ದೆನಲ್ಲ, ನನ್ನ ಹತ್ತಿರ ಯಾಕೆ ಮೈಕ್ ತರಲಿಲ್ಲ?"

"ನಿಮ್ಮ ಹೆಸರು ನನಗೆ ಗೊತ್ತಲ್ಲ ಮೇಡಂ" ಎಂದ. "ಗೊತ್ತಿರುವುದನ್ನೇ ಹೇಳಿ ಸಮಯ ಹಾಳುಮಾಡಬೇಡ ಅಂತ ನೀವೇ ಕಲಿಸಿದ್ದು."