ಟರ್ಬೋ ಮುಂದ, ಟರ್ಬೋ ಹಿಂದ

ನನ್ನ ಕಾರಿನ ಟರ್ಬೋ ಎಲ್ಲಿ ಕೂರಬೇಕೆಂದು ನಿರ್ಧರಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಅದು ಗ್ಯಾರೇಜಿನವರ ತಲೆ ಎನ್ನುವವರು ಇಂದಿಗೂ ಇದ್ದಾರೆ. ನಮ್ಮಪ್ಪ ಫೋನು ಮಾಡಿ ಮಾಡಿಸಿಕೊಟ್ಟ ಎನ್ನುವವರೂ ಇದ್ದಾರೆ. ಅಪ್ಪನ ಫೋನು ಮಾಡಿದ ಅವಾಂತರವೇ ಬೇರೆ, ಅದನ್ನೂ ಹೇಳುತ್ತೇನೆ.

ಎರಡು ಸಾವಿರದ ದಶಕದ ಮೊದಲ ವರ್ಷಗಳು. ನಾನು ಹುಬ್ಬಳ್ಳಿಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಆಟೊಮೊಬೈಲ್ ಕಲಿಸುತ್ತಿದ್ದೆ. ಧಾರವಾಡದಲ್ಲಿ ಬಾಡಿಗೆ ಮನೆ, ಅಮ್ಮಿನಬಾವಿಯಲ್ಲಿ ತವರು. ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ನನ್ನದೇ ಕಾರಿನಲ್ಲಿ ಹೋಗಿ ಬರುತ್ತಿದ್ದೆ. ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು, ಸಪಾಟು ರಸ್ತೆಯಲ್ಲಿ ಸಭ್ಯವಾಗಿ ಓಡುತ್ತಿತ್ತು. ನವಲೂರಿನ ಏರು ಬಂತೆಂದರೆ ಅದಕ್ಕೆ ಏದುಸಿರು. ಒಂದು ಸಂಜೆ ಇಟ್ಟಿಗೆ ತುಂಬಿದ ಲಾರಿಯೊಂದು ನನ್ನನ್ನು ದಾಟಿಕೊಂಡು ಹೋಯಿತು. ಅದರ ಡ್ರೈವರ್ ಕಿಟಕಿಯಿಂದ ತಲೆ ಹಾಕಿ, "ಅಕ್ಕಾರ, ಇಳದು ದಬ್ಬರಿ, ಲಗೂ ಮುಟ್ಟತೀರಿ" ಎಂದ. ನನಗೆ ನಗು ಬರಲಿಲ್ಲ. ಮೈಯೆಲ್ಲ ಉರಿದುಹೋಯಿತು.

ಉರಿಯಲು ಕಾರಣವಿತ್ತು. ಅದೇ ಮಧ್ಯಾಹ್ನ ನಾನು ತರಗತಿಯಲ್ಲಿ ಟರ್ಬೋ ಪಾಠ ಮಾಡಿದ್ದೆ. ಇಂಜಿನ್ನು ಹೊರಗೆ ಬಿಡುವ ಬಿಸಿ ಹೊಗೆ ಒಂದು ಪುಟ್ಟ ಫ್ಯಾನನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಕೂತ ಇನ್ನೊಂದು ಫ್ಯಾನು ಇಂಜಿನ್ನಿನೊಳಗೆ ಹೆಚ್ಚು ಗಾಳಿ ತುಂಬುತ್ತದೆ. ಹೆಚ್ಚು ಗಾಳಿಯೆಂದರೆ ಹೆಚ್ಚು ಕಸುವು. ಆರು ವರ್ಷ ಇದನ್ನೇ ಬೋರ್ಡಿನ ಮೇಲೆ ಬರೆದು ಅಳಿಸಿದ್ದೆ. "ಮೇಡಮ್ಮಾರ ಟರ್ಬೋ ಬೋರ್ಡಿನ ಮ್ಯಾಲ ಭಾಳ ಛಲೋ ತಿರಗತೈತಿ" ಎಂದು ಸ್ಟಾಫ್ ರೂಮಿನಲ್ಲಿ ಒಬ್ಬರು ಚಹಾ ಕುಡಿಯುತ್ತ ಹೇಳಿದ್ದರು. ಉಳಿದವರೆಲ್ಲ ನಕ್ಕಿದ್ದರು. ಲಾರಿಯವನ ಮಾತು ಆ ನಗೆಯ ಮೇಲೆ ಬಂದು ಬಿತ್ತು. ನನ್ನ ಕಾರಿಗೆ ಟರ್ಬೋ ಕೂರಿಸಿಯೇ ಸೈ, ಅದೂ ನಾನು ಹೇಳಿದ ಹಾಗೆ ಎಂದು ಅಂದೇ ನಿಶ್ಚಯಿಸಿದೆ.

ಗೋಕುಲ ರಸ್ತೆಯಲ್ಲಿ ಒಂದು ಗ್ಯಾರೇಜಿತ್ತು. ಅಪ್ಪನ ಟ್ರ್ಯಾಕ್ಟರು ಮೊದಲಿನಿಂದಲೂ ಅಲ್ಲಿಗೇ ಹೋಗುತ್ತಿತ್ತು. ಅದರ ಹಿರಿಯ ಮೆಕ್ಯಾನಿಕ್ಕನ್ನು ಊರೆಲ್ಲ ಉಸ್ತಾದ ಎನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತಿದ್ದೆ. ಅವರು ನನ್ನನ್ನು ಅಕ್ಕೋರ ಎನ್ನುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಅಪಘಾತವಾಗಿ ಮೂಲೆ ಸೇರಿದ ಒಂದು ಡೀಸೆಲ್ ವ್ಯಾನಿನಿಂದ ಟರ್ಬೋ ಬಿಚ್ಚಿಟ್ಟಿದ್ದರು. ದಂಡ ಹಿಡಿದು ಅಲುಗಾಡಿಸಿ ನೋಡಿದೆ, ಗಟ್ಟಿಯಿತ್ತು. ಜಗಳ ಶುರುವಾದದ್ದು ಅದನ್ನು ಎಲ್ಲಿ ಇಡಬೇಕೆಂಬುದಕ್ಕೆ.

"ಮುಂದ ಇಂಜಿನ್ನಿಗೆ ಹತ್ತಿ ಕೂಡಬೇಕ್ರಿ ಅದು" ಎಂದರು ಉಸ್ತಾದ. "ಎಲ್ಲಾ ಗಾಡ್ಯಾಗೂ ಅಲ್ಲೇ ಇರತೈತಿ."

ನಾನು ಹಿಂದೆ ಎಂದೆ. ಡಿಕ್ಕಿಯ ಕೆಳಗೆ, ಸೈಲೆನ್ಸರ್ ಇರುವ ಜಾಗದಲ್ಲಿ. ಚಾಕ್‌ಪೀಸು ತೆಗೆದು ಗ್ಯಾರೇಜಿನ ನೆಲದ ಮೇಲೆಯೇ ಚಿತ್ರ ಬಿಡಿಸಿದೆ. ಈ ಕಾರಿನ ಬಾನೆಟ್ಟಿನ ಕೆಳಗೆ ಕೈ ಹೋಗಲೂ ಜಾಗವಿಲ್ಲ. ಅಲ್ಲಿ ಕೆಂಡದಂಥ ಟರ್ಬೋ ಇಟ್ಟರೆ ಪಕ್ಕದಲ್ಲೇ ಹಾದುಹೋಗುವ ಕ್ಲಚ್ ಕೇಬಲ್ ಬೇಯುತ್ತದೆ. ಹಿಂದೆ ಇಟ್ಟರೆ ಬಿಸಿ ಹಿಂದೆಯೇ ಉಳಿಯುತ್ತದೆ, ಗಾಳಿ ಉದ್ದನೆಯ ಪೈಪಿನಲ್ಲಿ ಮುಂದಕ್ಕೆ ಬರುವಾಗ ತಣ್ಣಗೂ ಆಗುತ್ತದೆ.

"ಹೊಗೀನೂ ತಣ್ಣಗ ಆಗತೈತಲ್ರಿ ಅಕ್ಕೋರ! ರೊಟ್ಟಿ ಹಂಚಿನ ಮ್ಯಾಗಿಂದ ಇಳಿಸಿ ಧಾರವಾಡಕ್ಕ ಒಯ್ದು ತಿಂದ್ರ ಹೆಂಗಿರತೈತಿ? ಎಕ್ಸಲೇಟರ್ ಒತ್ತಿ ಹಾದಿ ಕಾಯಬೇಕಾಗತೈತಿ."

ಅವರ ಮಾತು ಸುಳ್ಳಲ್ಲ. ಹಿಂದೆ ಇಟ್ಟ ಟರ್ಬೋ ತಡವಾಗಿ ಎಚ್ಚರಾಗುತ್ತದೆ. ಆದರೆ ನಾನು ರೇಸಿಗೆ ಹೋಗುವವಳಲ್ಲ. ನನಗೆ ಬೇಕಾದದ್ದು ಒಂದು ಏರು ಹತ್ತುವ ಕಸುವು, ಮತ್ತು ಉಣಕಲ್ಲಿನ ಟ್ರಾಫಿಕ್ಕಿನಲ್ಲಿ ನಿಂತಾಗ ಬೇಯದ ಇಂಜಿನ್ನು. ಕಾಯುತ್ತೇನೆ, ಹಿಂದೆಯೇ ಹಾಕಿ ಎಂದೆ. "ಆತು ಬಿಡ್ರಿ, ನಿಮ್ಮ ಗಾಡಿ, ನಿಮ್ಮ ಮಾತು" ಎಂದು ಅವರು ಕೈ ಒರೆಸಿಕೊಂಡರು. ಕಾರು ಬಿಟ್ಟು ನಾನು ಒಂದು ವಾರ ಉತ್ತರಪತ್ರಿಕೆ ತಿದ್ದುವ ಕೆಲಸಕ್ಕೆ ಕೂತೆ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ನಮ್ಮಪ್ಪನ ಬಾಯಲ್ಲಿ "ಬ್ಯಾಡ" ಎಂಬ ಮಾತು ಬರುತ್ತಿರಲಿಲ್ಲ. ಬೇಡವೆನಿಸಿದ್ದಕ್ಕೆಲ್ಲ ಅವನು ಹೇಳುತ್ತಿದ್ದುದು ಒಂದೇ: "ಮುಂದ ನೋಡೂಣು." ನನಗೆ ಸೈಕಲ್ ಬೇಕೆಂದಾಗ ಮುಂದ ನೋಡೂಣು. ಮೆಕ್ಯಾನಿಕಲ್ ಓದುತ್ತೇನೆಂದಾಗ ಮುಂದ ನೋಡೂಣು. ಕಾರು ಕಲಿಯುತ್ತೇನೆಂದಾಗಲೂ ಅದೇ. ಬೈದವನಲ್ಲ, ಹೊಡೆದವನಲ್ಲ, ಕೇಳಿದವರೆಲ್ಲ ಎಷ್ಟು ಒಳ್ಳೆಯ ಅಪ್ಪ ಎನ್ನುತ್ತಿದ್ದರು. ಬೇಡ ಎಂದರೆ ಎದುರು ನಿಂತು ಜಗಳವಾಡಬಹುದು. ಮುಂದ ನೋಡೂಣು ಎಂದವನ ಜೊತೆ ಏನಂತ ಜಗಳವಾಡುವುದು? ಸೈಕಲ್ ನನಗೆ ಬರಲೇ ಇಲ್ಲ. ಓದನ್ನೂ ಡ್ರೈವಿಂಗನ್ನೂ ನಾನು ಅವನ "ಮುಂದ" ಬರುವುದನ್ನು ಕಾಯದೆ ಮಾಡಿಕೊಂಡೆ.

ವಾರದ ಮೇಲೆ ಗ್ಯಾರೇಜಿಗೆ ಹೋದರೆ ಉಸ್ತಾದ ಖುಷಿಯಲ್ಲಿ ಬಾನೆಟ್ ಎತ್ತಿ ತೋರಿಸಿದರು. ಟರ್ಬೋ ಮುಂದೆ ಕೂತಿತ್ತು. ಇಂಜಿನ್ನಿಗೆ ಅಂಟಿಕೊಂಡು, ಕ್ಲಚ್ ಕೇಬಲ್ಲಿಗೆ ನಾಲ್ಕು ಬೆರಳು ದೂರದಲ್ಲಿ.

"ಯಾರ ಹೇಳಿದ್ರು ನಿಮಗ ಮುಂದ ಹಾಕ್ರಿ ಅಂತ?"

"ನಿಮ್ಮಪ್ಪಾರು ಟ್ರ್ಯಾಕ್ಟರ್ ಸಲುವಾಗಿ ಫೋನ್ ಮಾಡಿದ್ರಲ್ರಿ. ಟರ್ಬೋ ಹಿಂದ ಹಾಕಾಕತ್ತೇನ್ರಿ ಅಂದ್ನಿ. ಅವರು, 'ಇರ್ಲಿ ಬಿಡ್ರಿ ಉಸ್ತಾದ, ಟರ್ಬೋ ಮುಂದ ನೋಡೂಣು' ಅಂದ್ರು. ನಾ ಮುಂದ ನೋಡಿದ್ನಿ. ಜಾಗಾ ಸಿಕ್ತು."

ನಾನು ಅಲ್ಲಿದ್ದ ಟೈರಿನ ಮೇಲೆ ಕೂತುಬಿಟ್ಟೆ. ಕೆಲಸ ನಿಲ್ಲಿಸಲೆಂದು ಅಪ್ಪ ಆಡಿದ ಮಾತು ಕೆಲಸವನ್ನು ಮುಗಿಸಿಬಿಟ್ಟಿತ್ತು! ನಗು ಬಂತು, ಅದರ ಬೆನ್ನಿಗೇ ಸಿಟ್ಟು ಬಂತು. ಒಬ್ಬರು ನನ್ನನ್ನು ಕೇಳದೆ ಬೇಡವೆಂದಿದ್ದರು, ಇನ್ನೊಬ್ಬರು ನನ್ನನ್ನು ಕೇಳದೆ ಮುಂದೆ ಹಾಕಿದ್ದರು. ಉಸ್ತಾದರಿಗೆ ಮೊದಲಿನಿಂದಲೂ ಮುಂದೆಯೇ ಬೇಕಿತ್ತು, ಆದ್ದರಿಂದ ಅವರ ಕಿವಿಗೆ ಬೇಕಾದದ್ದೇ ಕೇಳಿಸಿತು. ಗಾಡಿ ಯಾರದು ಎಂಬುದು ಇಬ್ಬರಿಗೂ ನೆನಪಾಗಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಕಾರು ಚೆನ್ನಾಗಿಯೇ ಓಡಿತು. ನವಲೂರಿನ ಏರನ್ನು ಒಂದೇ ಗೇರಿನಲ್ಲಿ ಹತ್ತಿದೆ. ಆದರೆ ಹತ್ತನೆಯ ದಿನ ಉಣಕಲ್ಲಿನಲ್ಲಿ ಟ್ರಾಫಿಕ್ ನಿಂತಿತು. ಸುಟ್ಟ ರಬ್ಬರಿನ ವಾಸನೆ ಬಂತು. ಕ್ಲಚ್ ಒತ್ತಿದ ಕಾಲು ಮೇಲೆ ಬಂತು, ಪೆಡಲ್ ಬರಲಿಲ್ಲ. ಕೇಬಲ್ಲಿನ ಹೊರಕವಚ ಕರಗಿ ಒಳಗಿನ ತಂತಿಗೆ ಕಚ್ಚಿಕೊಂಡಿತ್ತು. ಹಿಂದಿನವರು ಹಾರ್ನ್ ಹೊಡೆದು ಕಿವಿ ಹರಿದರು. ಅಂದು ನಾನು ನಿಜವಾಗಿಯೂ ಇಳಿದು ಕಾರನ್ನು ದಬ್ಬಿದೆ.

"ಬಿಚ್ಚರಿ" ಎಂದೆ ಉಸ್ತಾದರಿಗೆ.

"ಕೇಬಲ್ಲಿಗೆ ತಗಡ ಸುತ್ತಿ ಕೊಡತೇನ್ರಿ. ಛಲೋ ಓಡಾಕತ್ತಿತ್ತಲ್ರಿ ಗಾಡಿ!"

ತಗಡು ಸುತ್ತಿದ್ದರೆ ನಡೆಯುತ್ತಿತ್ತೇನೋ. ಆದರೆ ಚೆನ್ನಾಗಿ ಓಡಿತು ಎಂಬುದು, ನನ್ನನ್ನು ಕೇಳಲಿಲ್ಲ ಎಂಬುದಕ್ಕೆ ಉತ್ತರವಲ್ಲ. ಅದನ್ನು ಹಾಗೆಯೇ ಹೇಳಿದೆ. ಅವರು ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡರು. "ತಪ್ಪ ನಂದ ಐತ್ರಿ. ನಿಮಗ ಒಂದ ಮಾತ ಕೇಳಬೇಕಿತ್ತು" ಎಂದರು.

ಆ ಭಾನುವಾರ ನಾನೂ ಹಳೆಯ ಚೂಡಿದಾರ ಹಾಕಿಕೊಂಡು ಕಾರಿನ ಕೆಳಗೆ ಮಲಗಿದೆ. ಸುದ್ದಿ ತಿಳಿದ ಅಪ್ಪ ಅಮ್ಮಿನಬಾವಿಯಿಂದ ಬಸ್ಸು ಹಿಡಿದು ಬಂದ. ಉಸ್ತಾದ ಕೊಟ್ಟ ಸ್ಟೂಲಿನ ಮೇಲೆ ಕೂತು, "ನಾ ಬ್ಯಾಡ ಅನ್ನೂ ಅರ್ಥದಾಗ ಹೇಳಿದ್ನೆವಾ" ಎಂದ.

ನಾನು ಕೆಳಗಿನಿಂದಲೇ ಕೇಳಿದೆ. "ಹಂಗಾರ ಬ್ಯಾಡ ಅಂತ ಯಾಕ ಅನಲಿಲ್ಲ? ಸೈಕಲ್ಲಿಗೂ ಅನಲಿಲ್ಲ, ಸಾಲಿ ಓದೂದಕ್ಕೂ ಅನಲಿಲ್ಲ. ನಿನ್ನ ಮುಂದ ಅನ್ನೂದು ಎಂದ ಬರತೈತಿ ಅಪ್ಪಾ?"

ಇಷ್ಟು ವರ್ಷ ಕೇಳದೆ ಇಟ್ಟುಕೊಂಡ ಪ್ರಶ್ನೆ ಎಲ್ಲ ಬಿಟ್ಟು ಡೀಸೆಲ್ ವಾಸನೆಯಲ್ಲಿ, ಬೆನ್ನ ಮೇಲೆ ಮಲಗಿದ್ದಾಗ ಹೊರಬಿದ್ದಿತ್ತು. ಅಪ್ಪ ಸ್ಟೂಲಿನಿಂದ ಬಗ್ಗಿ, ಟರ್ಬೋ ಇಡುವ ಜಾಗ ನೋಡಿದ.

"ಇದಕ್ಕ ಎಣ್ಣಿ ಇಂಜಿನ್ನಿಂದ ಬರತೈತಿ ಹೌದಲ್ಲವಾ? ಇದು ಇಂಜಿನ್ನಿಗಿಂತ ತೆಳಗೈತಿ. ಹೊಳ್ಳಿ ಮ್ಯಾಲ ಹೆಂಗ ಹೋಗತೈತಿ? ಬಾವ್ಯಾಗಿನ ನೀರ ತಾನ ಮ್ಯಾಲ ಬರತೈತೇನು?"

ನಾನು ಚೀಲದಿಂದ ಅಂಗೈಯಗಲದ ಎಣ್ಣೆ ಪಂಪು ತೆಗೆದು ಕಾರಿನ ಕೆಳಗಿನಿಂದ ಕೈ ಚಾಚಿ ತೋರಿಸಿದೆ. ಅಪ್ಪ ಅದನ್ನು ತಿರುಗಿಸಿ ನೋಡಿದ. "ಎಲ್ಲಾ ವಿಚಾರ ಮಾಡೇ ಮಾಡೀಯಲ್ಲ" ಎಂದು ವಾಪಸು ಕೊಟ್ಟ.

ಕೆಲಸ ಮುಗಿದ ದಿನ ಅವನು ಮತ್ತೆ ಬಂದ. ಧಾರವಾಡದ ಕಡೆ ಹೊರಟೆವು, ಅಪ್ಪ ನನ್ನ ಪಕ್ಕದ ಸೀಟಿನಲ್ಲಿ. ನವಲೂರಿನ ಏರು ಬಂತು, ಮುಂದೆ ಒಂದು ಲಾರಿ. ಆಕ್ಸಿಲರೇಟರ್ ಒತ್ತಿದೆ. ಉಸ್ತಾದ ಹೇಳಿದಂತೆ ಕಾರು ಮೊದಲು ಏನೂ ಮಾಡಲಿಲ್ಲ.

"ಏನೂ ಆಗವಲ್ದಲ್ಲ?" ಎಂದ ಅಪ್ಪ.

"ತಡೀ. ಮುಂದ ನೋಡು."

ಡಿಕ್ಕಿಯ ಕೆಳಗಿನಿಂದ ಸಣ್ಣಗೆ ಸೀಟಿ ಎದ್ದಿತು. ಬೆನ್ನಿಗೆ ಸೀಟು ಒತ್ತಿತು, ಲಾರಿ ಪಕ್ಕಕ್ಕೆ ಬಂದು ಹಿಂದೆ ಉಳಿಯಿತು. ಅಪ್ಪ ಬಾಗಿಲಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಏರಿನ ತುದಿ ಮುಟ್ಟಿದ ಮೇಲೆ ಬಿಟ್ಟ.

ಅದಾದ ಮೇಲೆ ಅವನು ನನಗೆ "ಮುಂದ ನೋಡೂಣು" ಎಂದದ್ದು ನೆನಪಿಲ್ಲ. ಮರುವರ್ಷ ನಾನು ಸ್ವಂತ ವರ್ಕ್‌ಶಾಪ್ ತೆಗೆಯುತ್ತೇನೆಂದಾಗ ನನ್ನ ಕಣ್ಣಲ್ಲಿ ಕಣ್ಣಿಟ್ಟು, "ಬ್ಯಾಡ" ಎಂದ. ನನಗೆ ಎಂಥ ಸಂತೋಷವಾಯಿತೆಂದರೆ ಎದ್ದು ಹೋಗಿ ಅವನಿಗೆ ಚಹಾ ಮಾಡಿಕೊಂಡು ಬಂದೆ. ಆಮೇಲೆ ಎದುರಿಗೆ ಕೂತು, "ನಾ ಮಾಡಾಕೀನ" ಎಂದೆ.