ಹೇಳದೆ ಉಳಿಸಿಕೊಂಡ ಹೋಟೆಲು

ಕೆಲವರಿಗೆ ಜಾತಕ ನೋಡುವುದು ಬರುತ್ತದೆ, ಕೆಲವರಿಗೆ ಹಲ್ಲುನೋವಿಗೆ ಮದ್ದು ಹೇಳುವುದು ಬರುತ್ತದೆ. ನನಗೆ ಹೋಟೆಲು ಹೇಳುವುದು ಬರುತ್ತದೆ. ಮೈಸೂರಿಗೆ ಹೊಸದಾಗಿ ಬಂದವರು ‘ಇಲ್ಲಿ ತಿಂಡಿ ಎಲ್ಲಿ ಚೆನ್ನಾಗಿರುತ್ತೆ?’ ಎಂದು ಕೇಳಿ ಮುಗಿಸುವಷ್ಟರಲ್ಲಿ ನನ್ನ ಉತ್ತರ ಅರ್ಧ ಆಗಿರುತ್ತದೆ. ಯಾರೂ ಕೇಳದಿದ್ದರೂ ಹೇಳುತ್ತೇನೆಂದು ನನ್ನ ಹೆಂಡತಿಯ ದೂರು. ಅದು ಸುಳ್ಳೂ ಅಲ್ಲ. ಒಮ್ಮೆ ಸಾವಿನ ಮನೆಯಲ್ಲಿ, ದೂರದಿಂದ ಬಂದಿದ್ದ ನೆಂಟರೊಬ್ಬರ ಕಿವಿಯಲ್ಲಿ, ಸ್ಟೇಷನ್ನಿನ ಹತ್ತಿರ ಯಾವ ಹೋಟೆಲಿನ ಉಪ್ಪಿಟ್ಟು ತಿಂದು ರೈಲು ಹತ್ತಬೇಕೆಂದು ಪಿಸುಗುಟ್ಟಿದ್ದೇನೆ.

ಈ ವಿದ್ಯೆಗೆ ಬೇಡಿಕೆ ಬಂದದ್ದು ಏಕೀಕರಣವಾದ ಮೇಲೆ. ಉತ್ತರದ ಜಿಲ್ಲೆಗಳಿಂದ ಗುಮಾಸ್ತರು ನಮ್ಮ ಕಚೇರಿಗೆ ವರ್ಗವಾಗಿ ಬಂದರು. ಸಂಸಾರ ಇನ್ನೂ ಊರಲ್ಲೇ, ಹೊಟ್ಟೆ ಮಾತ್ರ ಇಲ್ಲಿ. ಅವರನ್ನೆಲ್ಲ ನನ್ನ ಮೇಜಿಗೆ ಕಳಿಸುವುದು ರೂಢಿಯಾಯಿತು. ಸೆಟ್ ದೋಸೆಗೆ ಒಂದು ಬೀದಿ, ಇಡ್ಲಿಗೆ ಮಾರುಕಟ್ಟೆಯ ಹಿಂದಿನ ಓಣಿ, ಮಧ್ಯಾಹ್ನದ ಊಟಕ್ಕೆ ಅಗ್ರಹಾರದ ಮೆಸ್ಸು, ಹೀಗೆ ಹೇಳಿ, ಕೊನೆಗೆ ಗತ್ತಿನಿಂದ ‘ನನ್ನ ಹೆಸರು ಹೇಳಿ’ ಎನ್ನುತ್ತಿದ್ದೆ. ಧಾರವಾಡದ ಕಡೆಯ ಪಾಟೀಲರು ಹೋಗಿ ಬಂದು ಬಹಳ ಸಂಕೋಚದಿಂದ ಹೇಳಿದರು: “ನಿಮ್ಮ ಹೆಸರು ಹೇಳಿದ್ನಿರೀ. ‘ಯಾರವರು?’ ಅಂದ್ರು.” ಆ ಹೋಟೆಲಿಗೆ ನಾನು ಹನ್ನೊಂದು ವರ್ಷಗಳಿಂದ ಹೋಗುತ್ತಿದ್ದೆ. ಅಂದಿನಿಂದ ಹೆಸರಿನ ಮಾತು ಬಿಟ್ಟೆ, ಶಿಫಾರಸು ಬಿಡಲಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಇಂಗ್ಲೆಂಡಿನಲ್ಲಿ ಓದಿ ಬಂದ ಕಾಲೇಜು ಉಪಾಧ್ಯಾಯರೊಬ್ಬರಿದ್ದಾರೆ. ಆ ಕಡೆ ದ್ರಾಕ್ಷಾರಸ ಕುಡಿಯುವ ಅಂಗಡಿಗಳಿಗೂ ಹೀಗೇ ಒಬ್ಬರಿಗೊಬ್ಬರು ಶಿಫಾರಸು ಕೊಡುತ್ತಾರಂತೆ. ಒಂದು ಗುಟುಕು ಬಾಯಲ್ಲಿ ಆಡಿಸಿ, ದ್ರಾಕ್ಷಿ ಯಾವ ಗುಡ್ಡದ್ದು, ಆ ವರ್ಷ ಬಿಸಿಲು ಹೇಗಿತ್ತು ಎಂದೆಲ್ಲ ಹೇಳುವವರಿದ್ದಾರಂತೆ. ನಾನೇನು ಕಡಿಮೆ? ಡಿಕಾಕ್ಷನ್ನಿನ ವಾಸನೆ ಹಿಡಿದು ಕೊಡಗೋ ಚಿಕ್ಕಮಗಳೂರೋ ಹೇಳಬಲ್ಲೆ. ಹತ್ತಕ್ಕೆ ಐದು ಸಲ ಸರಿಯಾಗುತ್ತದೆ. ಇರುವುದೇ ಎರಡು ಉತ್ತರವಾದ್ದರಿಂದ ಅದರಲ್ಲಿ ಹೆಚ್ಚುಗಾರಿಕೆಯಿಲ್ಲ ಎಂದು ಉಪಾಧ್ಯಾಯರು ಅಂದರು. ನಮ್ಮ ಹಿರಿಯರು ರಸಗಳು ಆರು ಎಂದು ಎಣಿಸಿದ್ದಾರೆ. ತಿಂದದ್ದನ್ನು ಇನ್ನೊಬ್ಬರಿಗೆ ಹೇಳುವಾಗ ನಾಲಿಗೆಗೆ ಹತ್ತುವ ರುಚಿಯೊಂದಿದೆ. ಅದನ್ನೇಕೆ ಅವರು ಏಳನೆಯದಾಗಿ ಸೇರಿಸಲಿಲ್ಲವೋ ನನಗೆ ಅರ್ಥವಾಗಿಲ್ಲ.

ಇಷ್ಟು ಬಾಯಿಬಡುಕನಾದ ನಾನು ಒಂದು ಹೋಟೆಲಿನ ಹೆಸರನ್ನು ಮಾತ್ರ ಯಾರ ಬಳಿಯೂ ಎತ್ತಿರಲಿಲ್ಲ. ಹೋಟೆಲು ಎಂದರೆ ಬೋರ್ಡು ಕೂಡ ಇಲ್ಲ. ಕುಂಬಾರಕೊಪ್ಪಲಿನಲ್ಲಿ ಪುಟ್ಟಕ್ಕ ಎಂಬ ಹೆಂಗಸು ತಮ್ಮ ಮನೆಯ ಜಗಲಿಯ ಮೇಲೆ ಎರಡು ಬೆಂಚು ಹಾಕಿ, ಒಳಗೆ ಸೌದೆ ಒಲೆಯ ಮೇಲೆ ಅಕ್ಕಿರೊಟ್ಟಿ ಬೇಯಿಸಿ ಕೊಡುತ್ತಿದ್ದರು. ರೊಟ್ಟಿಯ ಜೊತೆಗೆ ಹುಚ್ಚೆಳ್ಳಿನ ಚಟ್ನಿ, ಒಂದು ಉಂಡೆ ಬೆಣ್ಣೆ. ಗಾಡಿಯವರು, ಗಾರೆ ಕೆಲಸದವರು ಬಂದು ತಿಂದು ಹೋಗುತ್ತಿದ್ದರು. ಪ್ರತಿ ಭಾನುವಾರ ಬೆಳಿಗ್ಗೆ ನಾನೂ ಸೈಕಲ್ ತುಳಿದುಕೊಂಡು ಹೋಗುತ್ತಿದ್ದೆ. ಪುಟ್ಟಕ್ಕ ಆಗೆಲ್ಲ ಒಮ್ಮೆಯೂ ಏನು ಬೇಕೆಂದು ನನ್ನನ್ನು ಕೇಳಿದವರಲ್ಲ. “ಬಾ ತಮ್ಮಯ್ಯ, ಯಾಕೆ ತಡ್ವಾಯ್ತು? ಕೂತ್ಕೊ” ಅನ್ನುವರು. ಮುತ್ತುಗದ ಎಲೆಯ ಮೇಲೆ ಅಂಚು ಗರಿಯಾದ ರೊಟ್ಟಿ ಬಂದು ಬೀಳುವುದು. ಮೂರನೆಯ ರೊಟ್ಟಿಗೆ ನಾನು ಬೇಡವೆಂದರೆ “ಸುಮ್ನಿರು, ನಿಂಗೇನ್ ಗೊತ್ತಾಯ್ತದೆ” ಎಂದು ಗದರುವರು. ನನ್ನ ಹೊಟ್ಟೆಯ ವಿಷಯ ನನಗಿಂತ ಆಕೆಗೇ ಚೆನ್ನಾಗಿ ತಿಳಿದಿತ್ತು.

ಇದನ್ನೇಕೆ ಹೇಳಲಿಲ್ಲ ಎಂದು ಯಾರಾದರೂ ಕೇಳಿದ್ದರೆ ಕೊಡಲು ಒಂದು ಉದಾತ್ತ ಕಾರಣ ಇಟ್ಟುಕೊಂಡಿದ್ದೆ. ಹೇಳಿದರೆ ಊರೇ ಬಂದು ಸೇರುತ್ತದೆ, ಪುಟ್ಟಕ್ಕನ ಕೈ ಸೋಲುತ್ತದೆ, ರೊಟ್ಟಿ ಕೆಡುತ್ತದೆ. ಒಳ್ಳೆಯ ಜಾಗವನ್ನು ಉಳಿಸಲು ನಾನು ಬಾಯಿ ಕಟ್ಟಿಕೊಂಡಿದ್ದೇನೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ.

ಆ ಕಾರಣ ಎಷ್ಟು ಟೊಳ್ಳೆಂದು ಒಂದು ಭಾನುವಾರ ಗೊತ್ತಾಯಿತು. ಎರಡನೆಯ ರೊಟ್ಟಿಯನ್ನು ಚಟ್ನಿಯಲ್ಲಿ ಅದ್ದುತ್ತಿದ್ದೆ. ಎದುರಿಗೆ ಜಟಕಾ ನಿಂತಿತು. ಇಳಿದವರು ನಮ್ಮ ಕಚೇರಿಯ ಶಿರಸ್ತೇದಾರರು. ಮಗಳ ಮದುವೆಯ ಶಾಸ್ತ್ರಕ್ಕೆ ಮಡಕೆ ಹೇಳಿಹೋಗಲು ಕುಂಬಾರರ ಬೀದಿಗೆ ಬಂದಿದ್ದರು. ಜರಿಪೇಟ, ಕೋಟು, ಕೈಯಲ್ಲಿ ಕೊಡೆ. ನಾನೋ ಅಂಗಿಯ ತೋಳು ಮಡಿಸಿ, ಗಾಡಿ ಹೊಡೆಯುವವರ ನಡುವೆ ಕುಳಿತು, ಮೂಗಿಗೆಲ್ಲ ಹುಚ್ಚೆಳ್ಳು ಮೆತ್ತಿಕೊಂಡಿದ್ದೆ.

“ಏನ್ರೀ, ನೀವಿಲ್ಲಿ!” ಅಂದರು. “ನಿಮ್ಮಂಥೋರು ಬಂದಿದೀರಿ ಅಂದ್ರೆ ಇಲ್ಲೇನೋ ವಿಶೇಷ ಇರಬೇಕು.”

ನಾನು ಎದ್ದು ನಿಂತೆ. “ಅಯ್ಯೋ, ಏನಿಲ್ಲ ಸಾರ್. ಸೈಕಲ್ ಪಂಕ್ಚರ್ ಆಗ್ಬುಡ್ತು. ಹೊಟ್ಟೆ ಹಸೀತಿತ್ತು, ಏನೋ ಸಿಕ್ಕಿದ್ದು ತಿಂತಾ ಇದೀನಿ. ತಮ್ಮಂಥೋರು ಕೂತು ತಿನ್ನೋ ಜಾಗ ಅಲ್ಲ ಇದು” ಅಂದೆ. ಅವರು ನಕ್ಕು ಮುಂದೆ ಹೋದರು.

ತಿರುಗಿ ನೋಡಿದರೆ ಬಾಗಿಲಲ್ಲಿ ಪುಟ್ಟಕ್ಕ, ಕೈಯಲ್ಲಿ ಮೂರನೆಯ ರೊಟ್ಟಿ. ಆಕೆ ಅದನ್ನು ನನ್ನ ಪಕ್ಕದವರ ಎಲೆಗೆ ಹಾಕಿ ಒಳಗೆ ಹೋದರು. ಗೋಡೆಗೆ ಒರಗಿಸಿದ್ದ ನನ್ನ ಸೈಕಲ್ಲಿನ ಎರಡು ಚಕ್ರಗಳೂ ಗಟ್ಟಿಯಾಗಿ ಗಾಳಿ ತುಂಬಿಕೊಂಡು ನಿಂತಿದ್ದವು.

ಮುಂದಿನ ಭಾನುವಾರ ಹೋದೆ. ಜಗಳವಾಡಿದ್ದರೆ ಚೆನ್ನಾಗಿತ್ತು. ಪುಟ್ಟಕ್ಕ ಸೆರಗು ಸರಿಮಾಡಿಕೊಂಡು ಬಂದು, ಎಲ್ಲ ಗಿರಾಕಿಗಳನ್ನೂ ಕೇಳುವ ಹಾಗೆ, ಬಹಳ ಮರ್ಯಾದೆಯಿಂದ ಕೇಳಿದರು: “ಏನ್ ಕೊಡ್ಲಿ ಸಾಮಿ?”

ರೊಟ್ಟಿ ಅದೇ ರೊಟ್ಟಿ, ಚಟ್ನಿಯೂ ಅದೇ. ಆದರೆ ಎಷ್ಟು ಬೇಕೆಂದರೆ ಅಷ್ಟೇ ಹಾಕಿದರು. ಸಾಕೆಂದಾಗ ಸಾಕು ಮಾಡಿದರು. ಗದರುವವರಿಲ್ಲದೆ ತಿನ್ನುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ.

ಆ ವಾರವೆಲ್ಲ ಯೋಚಿಸಿದೆ. ನಾನು ಬಚ್ಚಿಟ್ಟದ್ದು ಪುಟ್ಟಕ್ಕನ ಜಗಲಿಯನ್ನಲ್ಲ, ನನ್ನನ್ನೇ. ಮಂಡ್ಯದ ದಾರಿಯ ಹಳ್ಳಿಯೊಂದರಲ್ಲಿ ಗದ್ದೆ ಉತ್ತವರ ಮಗ ನಾನು. ಕೈಯಗಲ ರೊಟ್ಟಿ ತಟ್ಟಿ ಹಾಕಿದ ತಾಯಿ ಬೆಳೆಸಿದ ಹೊಟ್ಟೆ ಇದು. ಸಾಂಬಾರಿನಲ್ಲಿ ಮುಳುಗಿದ ಇಡ್ಲಿಯನ್ನು ಚಮಚದಲ್ಲಿ ಕತ್ತರಿಸಿ ತಿನ್ನುವುದನ್ನು ಕಾಲೇಜಿಗೆ ಬಂದ ಮೇಲೆ ಪಕ್ಕದ ಮೇಜಿನವರನ್ನು ನೋಡಿ ಕಲಿತೆ. ಕಲಿತದ್ದನ್ನು ಊರಿಗೆಲ್ಲ ಉಪದೇಶ ಮಾಡಿದೆ. ಕಲಿಯದೆ ಬಂದದ್ದನ್ನು ಭಾನುವಾರಕ್ಕೆ ಇಟ್ಟುಕೊಂಡೆ. ನನಗೆ ನಾಚಿಕೆಯಾಗಿತ್ತು, ಅಷ್ಟೇ. ಈಗ ಆ ನಾಚಿಕೆಯ ಬಗ್ಗೆ ಇನ್ನೂ ದೊಡ್ಡ ನಾಚಿಕೆಯಾಗುತ್ತಿತ್ತು.

ಶನಿವಾರ ಶಿರಸ್ತೇದಾರರ ಮೇಜಿನ ಮುಂದೆ ಹೋಗಿ ನಿಂತೆ. “ಸಾರ್, ನಾಳೆ ಬೆಳಿಗ್ಗೆ ನನ್ನ ಜೊತೆ ತಿಂಡಿಗೆ ಬರಬೇಕು” ಅಂದೆ. ನನ್ನ ಮುಖ ನೋಡಿ ಅವರು ಯಾವ ಹೋಟೆಲೆಂದು ಕೇಳಲಿಲ್ಲ.

ಜಗಲಿಯ ಮೇಲೆ ಅವರನ್ನು ಬೆಂಚಿನಲ್ಲಿ ಕೂರಿಸಿ, ಪುಟ್ಟಕ್ಕನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ: “ಸಾರ್, ಅವತ್ತು ಸೈಕಲ್ ಪಂಕ್ಚರ್ ಆಗಿರ್ಲಿಲ್ಲ. ಎಂಟು ವರ್ಷದಿಂದ ಪ್ರತಿ ಭಾನುವಾರ ನಾನು ಇಲ್ಲೇ ತಿನ್ನೋದು. ಮೈಸೂರಲ್ಲಿ ನನಗೆ ಇದಕ್ಕಿಂತ ಒಳ್ಳೆ ಜಾಗ ಗೊತ್ತಿಲ್ಲ.” ಗಾಡಿಯವರು ತಿನ್ನುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. ಒಳಗೆ ತಟ್ಟುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಪುಟ್ಟಕ್ಕ ಬಂದರು. ಶಿರಸ್ತೇದಾರರನ್ನು ಏನೂ ಕೇಳಲಿಲ್ಲ. ಎಲೆ ಹಾಕಿ, ರೊಟ್ಟಿ ಬಡಿಸಿ, ಬೆಣ್ಣೆ ಇಟ್ಟು, “ಬಿಸಿಯಾಗಿ ತಿನ್ನಿ ಬುದ್ಧಿ” ಅಂದರು. ಶಿರಸ್ತೇದಾರರು ಒಂದು ತುತ್ತು ತಿಂದರು. ಪೇಟ ತೆಗೆದು ಪಕ್ಕಕ್ಕಿಟ್ಟು ಇನ್ನೊಂದು ತುತ್ತು ತಿಂದರು. ಆಮೇಲೆ, “ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ?” ಅಂದರು. ಅವರ ದನಿಯಲ್ಲಿ ನಿಜವಾದ ಕೋಪವಿತ್ತು.

ಪುಟ್ಟಕ್ಕ ನನ್ನ ಕಡೆ ತಿರುಗಿದರು. ನಾನು ‘ತಮ್ಮಯ್ಯ’ ಎಂಬ ಮಾತಿಗೆ ಕಾದೆ.

“ನಿಮ್ಗೇನ್ ಕೊಡ್ಲಿ ಸಾಮಿ?”

ಇದೆಲ್ಲ ಆಗಿ ವರ್ಷವಾಗುತ್ತ ಬಂತು. ಶಿರಸ್ತೇದಾರರ ಮಾತು ಕೇಳಿ ಕಚೇರಿಯ ಅರ್ಧ ಜನ ಈಗ ಅಲ್ಲಿಗೆ ಹೋಗುತ್ತಾರೆ. ಪಾಟೀಲರಿಗೆ ಪುಟ್ಟಕ್ಕ “ಇನ್ನೊಂದು ತಿನ್ನಪ್ಪ, ಸುಮ್ನಿರು” ಎಂದು ಗದರುವುದನ್ನು ನಾನು ಎದುರಿನ ಬೆಂಚಿನಿಂದ ಹೊಟ್ಟೆಕಿಚ್ಚಿನಿಂದ ನೋಡುತ್ತೇನೆ. ರೊಟ್ಟಿ ಕೆಟ್ಟಿಲ್ಲ, ಪುಟ್ಟಕ್ಕನ ಕೈ ಸೋತಿಲ್ಲ, ಬೆಂಚು ನಾಲ್ಕಾಗಿವೆ. ಹೊಸಬರು ಯಾರಾದರೂ ಹೋಟೆಲು ಕೇಳಿದರೆ ನಾನೂ ಮೊದಲು ಆ ಜಗಲಿಯನ್ನೇ ಹೇಳುತ್ತೇನೆ. ಭಾನುವಾರ ತಪ್ಪದೆ ಹೋಗುತ್ತೇನೆ. ಪುಟ್ಟಕ್ಕ ನನ್ನನ್ನು ಇನ್ನೂ ಏನು ಕೊಡಲೆಂದು ಕೇಳುತ್ತಾರೆ, ನಾನೂ ವಿನಯದಿಂದ ಹೇಳುತ್ತೇನೆ, ಎರಡು ರೊಟ್ಟಿ ಎಂದು. ಊರಿಗೆಲ್ಲ ತಿಂಡಿ ಹೇಳಿದ ಮನುಷ್ಯನಿಗೆ ಈಗ ಉಳಿದಿರುವ ಆಸೆ ಒಂದೇ: ಯಾವುದಾದರೊಂದು ಭಾನುವಾರ ಆಕೆ ಕೇಳುವುದನ್ನು ಮರೆಯಬೇಕು.