ಅಡ್ಡ ನಿಂತ ಸೇಫ್ಟಿ ಸೂಪರ್‌ವೈಸರ್

ಇವತ್ತು ಲೋಕಲ್ ಟ್ರೇನಿನಿಂದಲೂ ಜನ ಕತ್ತೆತ್ತಿ ನೋಡುವ ಮುಂಬಯಿಯ ಆ ಪ್ರಸಿದ್ಧ ಗೋಪುರ ಇನ್ನೂ ಏಳುತ್ತಿದ್ದಾಗ ನಾನಲ್ಲಿ ಎಂಜಿನಿಯರ್. ನಮ್ಮ ಸೇಫ್ಟಿ ಸೂಪರ್‌ವೈಸರ್ ವಿಜಯಪುರದ ಕಡೆಯವರು. ಗಿಡ್ಡ ಆಳು, ಪೊದೆ ಮೀಸೆ. ಯಾರು ಎದುರಾದರೂ ನಮಸ್ಕಾರಕ್ಕಿಂತ ಮೊದಲು ಅವರ ಸೊಂಟದ ಸೇಫ್ಟಿ ಬೆಲ್ಟನ್ನು ಎಳೆದು ನೋಡಿ, "ಹುಕ್ ಹಾಕೀರೇನ್ರೀ?" ಎನ್ನುತ್ತಿದ್ದರು. ಕ್ಯಾಂಟೀನಿನಲ್ಲಿ ಕೂತು ಉಪ್ಪಿಟ್ಟು ತಿನ್ನುವವರನ್ನೂ ಬಿಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಲವತ್ತನೇ ಮಹಡಿಯ ಹೊರಗಿನ ಹಲಗೆಯ ಮೇಲೆ ನಿಂತು ನಾನೊಂದು ಬೋಲ್ಟ್ ನೋಡಬೇಕಿತ್ತು. ಬೆಲ್ಟ್ ತೊಟ್ಟಿದ್ದೆ, ಅದರ ಹಗ್ಗದ ಹುಕ್ಕನ್ನು ಮಾತ್ರ ಕಂಬಿಗೆ ಸಿಕ್ಕಿಸಿರಲಿಲ್ಲ. ಅವರು ಅಡ್ಡ ನಿಂತರು.

"ಎರಡು ನಿಮಿಷದ ಕೆಲಸ ಮಾರಾಯ್ರೆ, ನಿಮ್ಮದೊಂದು ಕಿರಿಕಿರಿ!" ಎಂದು ಎಲ್ಲರೆದುರೇ ರೇಗಿದೆ. ಅವರು ನನ್ನ ಹಿಂದಕ್ಕೆ ಸರಿದರು. ನಾನು ಬಯ್ಯುತ್ತಲೇ ಹೊರಗೆ ಕಾಲಿಟ್ಟೆ. ಹಲಗೆ ಮಗುಚಿತು.

ಸತ್ತೆನೆಂದುಕೊಂಡೆ. ಕಣ್ಣು ಬಿಟ್ಟರೆ ನಾಲ್ಕಡಿ ಕೆಳಗೆ ಹಗ್ಗದಲ್ಲಿ ನೇತಾಡುತ್ತಿದ್ದೆ.

ಮೇಲಿನಿಂದ ಅವರು ಬಗ್ಗಿ ನೋಡಿದರು. "ಗಾಳಿ ಹೆಂಗೈತ್ರೀ ಸರ್ ಅಲ್ಲಿ?"

ನಾಲ್ಕು ಜನ ಸೇರಿ ನನ್ನನ್ನು ಎಳೆದುಕೊಂಡರು.

"ಯಾವಾಗ ಹುಕ್ ಹಾಕಿದಿರಿ ನೀವು?" ಎಂದು ಕೇಳಿದೆ.

"ನನ್ನ ಬಯ್ಯಾಕತ್ತಿದ್ರಲ್ರೀ," ಎಂದರು, "ಆವಾಗ."